ಫುಟ್ ಡ್ರಾಪ್: ಯಂತ್ರ ಹಚ್ಚುವ ಮೊದಲು

ಪಾದ ಮೇಲಕ್ಕೇಳುತ್ತಿಲ್ಲ ಎಂದು ಬಂದವರಲ್ಲಿ ನಾನು ಮೊದಲು ತಿಳಿಯಬೇಕಾದ್ದು, ತೊಂದರೆ ಮಂಡಿಯ ಪಕ್ಕದಲ್ಲಿದೆಯೋ ಸೊಂಟದಲ್ಲಿದೆಯೋ ಎಂಬುದನ್ನು. ಪಾದ ಎತ್ತುವ ಸ್ನಾಯುಗಳಿಗೆ ಹೋಗುವ ಕಾಮನ್ ಪೆರೋನಿಯಲ್ ನರ, ಮಂಡಿಯ ಕೆಳಗೆ ಹೊರಬದಿಯಲ್ಲಿರುವ ಫಿಬುಲಾ ಮೂಳೆಯ ಕತ್ತನ್ನು ಬಳಸಿ ಬರುವಲ್ಲಿ ಚರ್ಮದ ಕೆಳಗೇ ಇರುತ್ತದೆ. ಬಿಗಿಯಾದ ಪ್ಲಾಸ್ಟರ್, ತುಂಬಾ ಹೊತ್ತು ಕುಕ್ಕರಗಾಲಲ್ಲಿ ಕೂರುವುದು, ಅದು ಒತ್ತಿಕೊಳ್ಳಲು ಅಷ್ಟೇ ಸಾಕು. ಸೊಂಟದ ಬೆನ್ನುಮೂಳೆಯಿಂದ ಹೊರಡುವ ಎಲ್5 ನರಬೇರು ಒತ್ತಿಕೊಂಡರೂ ಪಾದ ಹೀಗೇ ಜೋತುಬೀಳುತ್ತದೆ.

ಗುಟ್ಟು ಬಿಟ್ಟುಕೊಡುವುದು ಪಾದವನ್ನು ಒಳಕ್ಕೆ ತಿರುಗಿಸುವ ಬಲ. ಹಾಗೆ ತಿರುಗಿಸುವ ಸ್ನಾಯು ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ ಎಲ್5 ಬೇಕು, ಪೆರೋನಿಯಲ್ ನರದ ಹಂಗಿಲ್ಲ. ಆದರೆ ಜೋತುಬಿದ್ದ ಪಾದವನ್ನು ಹಾಗೇ ಬಿಟ್ಟು ಪರೀಕ್ಷಿಸಿದರೆ ಸರಿಯಿರುವ ಸ್ನಾಯುವೂ ಸೋತಂತೆ ಕಾಣುತ್ತದೆ. ಅಂಗೈಯಿಂದ 90 ಡಿಗ್ರಿಗೆ ಎತ್ತಿ ಹಿಡಿದೇ ನೋಡಬೇಕು. ಮಗ್ಗುಲಾಗಿ ಮಲಗಿಸಿ ಇಡೀ ಕಾಲನ್ನು ಮೇಲೆತ್ತಿಸುತ್ತೇನೆ. ಅಲ್ಲೂ ಬಲ ಕಡಿಮೆಯಾಗಿದ್ದರೆ ಸೊಂಟದ ಕಡೆ ಅನುಮಾನ. ಎರಡೂ ಕಾಲು ಸೋತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅಂದೇ ವೈದ್ಯರ ಬಳಿಗೆ.

ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗಿನ ಗ್ರೇಡ್ ಕೊಡುವಾಗ ಮೋಸ ಹೋಗುವುದು ಸುಲಭ. ರೋಗಿ ಪಾದವನ್ನು ಕೆಳಕ್ಕೆ ಒತ್ತಿ ತಟ್ಟನೆ ಬಿಟ್ಟರೆ ಅದು ತಾನಾಗಿ ಕೊಂಚ ಮೇಲೆ ಪುಟಿಯುತ್ತದೆ, ಗ್ರೇಡ್ 2 ಎಂದು ಬರೆದುಬಿಡುತ್ತೇವೆ. ಕಣಕಾಲಿನ ಮುಂಭಾಗದ ಒಳಬದಿಯಲ್ಲಿ ಬೆರಳಿಡಿ. ಪಾದ ಎತ್ತುವ ಸ್ನಾಯು ಟಿಬಿಯಾಲಿಸ್ ಆಂಟೀರಿಯರ್‌ನ ಸ್ನಾಯುರಜ್ಜು ಹುರಿಗಟ್ಟದಿದ್ದರೆ ಅದು ಚಲನೆಯೇ ಅಲ್ಲ.

ಹತ್ತು ದಿನ ಕಳೆದ ಮೇಲೂ ಫಿಬುಲಾ ಕತ್ತಿನ ಕೆಳಗೆ ಯಂತ್ರದಿಂದ 0.3 ಮಿಲಿಸೆಕೆಂಡಿನ ಕರೆಂಟ್ ಪಲ್ಸ್ ಕೊಟ್ಟಾಗ ಪಾದ ಚೆನ್ನಾಗಿ ಎದ್ದರೆ ನರದ ಎಳೆಗಳು ಬದುಕಿವೆ, ವಹನ ಮಾತ್ರ ನಿಂತಿದೆ. ಏಳದಿದ್ದರೆ ಸ್ನಾಯುವಿಗೆ ನರದ ಸಂಪರ್ಕ ತಪ್ಪಿದೆ. ಅಂಥ ಸ್ನಾಯು ಮಿಡಿಯಲು 100 ಮಿಲಿಸೆಕೆಂಡ್ ಅಥವಾ ಇನ್ನೂ ಉದ್ದದ ಪಲ್ಸ್ ಬೇಕು. ಕರೆಂಟಿನಿಂದ ನರ ಬೆಳೆಯುತ್ತದೆ ಎಂದು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ನಿಜವಾದ ಕೆಲಸ ಮೀನಖಂಡ ಕುಗ್ಗದಂತೆ ಕಾಯುವುದು. ಅದು ಬಿಗಿದರೆ ನರ ಮರಳಿದರೂ ಪಾದ ಏಳದು. ನಡೆಯುವಾಗ ಪಾದವನ್ನು 90 ಡಿಗ್ರಿಯಲ್ಲಿ ಹಿಡಿಯುವ ಸ್ಪ್ಲಿಂಟ್, ದಿನಕ್ಕೆ ಮೂರು ಹೊತ್ತು 30 ಸೆಕೆಂಡಿನ ಎಳೆತ. ಸ್ಪರ್ಶ ಸತ್ತಿರುವುದರಿಂದ ಸ್ಪ್ಲಿಂಟ್ ತೆಗೆದಾಗಲೆಲ್ಲ ಚರ್ಮ ನೋಡಬೇಕು. ಅದರ ಅಂಚು ಫಿಬುಲಾ ಕತ್ತನ್ನೇ ಒತ್ತುತ್ತಿದ್ದರೆ ರೋಗ ಕೊಟ್ಟವರು ನಾವೇ.

ಚಲನೆ ಮಿನುಗಿದೊಡನೆ ಮಗ್ಗುಲಾಗಿ ಮಲಗಿಸಿ 5–8 ಸಲ ಪಾದ ಎತ್ತಿಸುವುದು, ದಿನಕ್ಕೆ ನಾಲ್ಕು ಬಾರಿ. ದಣಿದ ಸ್ನಾಯುವಿನಿಂದ ಇನ್ನಷ್ಟು ಮಾಡಿಸಿದರೆ ಕಾಲ್ಬೆರಳುಗಳೇ ಆ ಕೆಲಸ ಕದಿಯುತ್ತವೆ.

ನರದ ಗುಂಟ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಿ, ಜುಮ್ಮೆನ್ನುವ ಜಾಗಕ್ಕೆ ಪೆನ್ನಿನ ಗುರುತು ಹಾಕಿ, ಫಿಬುಲಾ ತಲೆಯಿಂದ ಅಳತೆ ಬರೆದಿಡುತ್ತೇನೆ. ಎಳೆಗಳು ಬೆಳೆಯುತ್ತಿದ್ದರೆ ಗುರುತು ತಿಂಗಳಿಗೆ ಸುಮಾರು 25 ಮಿಲಿಮೀಟರ್ ಕೆಳಗೆ ಸರಿಯಬೇಕು. ಮೂರು ತಿಂಗಳಾದರೂ ಗುರುತು ಸರಿಯದೆ, ಬಲವೂ ಬಾರದಿದ್ದರೆ ಅಳತೆಯ ಹಾಳೆಯೊಂದಿಗೆ ಶಸ್ತ್ರಚಿಕಿತ್ಸಕರ ಬಳಿ ಕಳಿಸುತ್ತೇನೆ.