ಹಸಿವಿನ ಲೆಕ್ಕದಲ್ಲಿ ಹುಬ್ಬಳ್ಳಿ-ಧಾರವಾಡ

ಹುಬ್ಬಳ್ಳಿ-ಧಾರವಾಡದಲ್ಲಿ ಅರಮನೆ ಇಲ್ಲ, ಸಮುದ್ರ ಇಲ್ಲ. ಬಾದಾಮಿಗೋ ಹಂಪಿಗೋ ಹೊರಟವರು ಇಲ್ಲಿ ರೈಲು ಇಳಿದು ಸೀದಾ ಮುಂದಕ್ಕೆ ಹೋಗಿಬಿಡುತ್ತಾರೆ. ನಾನು ಬೆಂಗಳೂರಿಂದ ಈ ಜೋಡಿ ಊರಿಗೆ ಅಂತಲೇ ಹೋಗುತ್ತೇನೆ. ಯಾವ ಹೊತ್ತಿಗೆ ಎಲ್ಲಿ ಏನು ತಿನ್ನಬೇಕು ಅನ್ನೋದನ್ನ ಮೊದಲು ಗೊತ್ತು ಮಾಡಿಕೊಳ್ಳುತ್ತೇನೆ. ನೋಡೋದು ಏನಿದ್ದರೂ ಎರಡು ಊಟದ ನಡುವೆ.

ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1507 ಮೀಟರ್. 2023ರಲ್ಲಿ ಉದ್ಘಾಟನೆ ಆಯಿತು. ಅದನ್ನ ನೋಡೋಕೆ ಅಂತ ಯಾರೂ ಹೋಗಬೇಕಿಲ್ಲ. ಆದರೆ ಭಾರದ ಬ್ಯಾಗ್ ಇದ್ದರೆ ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತೆ ಅಂತ ಮೊದಲೇ ಕೇಳಿಕೊಳ್ಳಿ. ಎರಡು ಊರಿನ ನಡುವೆ ಓಡಾಡೋಕೆ ಚಿಗರಿ ಬಸ್ಸು ಸಾಕು. ರಸ್ತೆ ಮಧ್ಯೆ ಅದಕ್ಕೇ ಬೇರೆ ದಾರಿ ಇದೆ, ಹಾಗಾಗಿ ಟ್ರಾಫಿಕ್ ಕಾಟ ಕಡಿಮೆ. ಟಿಕೆಟ್ಟನ್ನ ನಿಲ್ದಾಣದಲ್ಲೇ ತಗೊಂಡು ಒಳಗೆ ಹೋಗಬೇಕು.

ಬೆಳಗ್ಗೆ ಧಾರವಾಡ. ಲೈನ್ ಬಜಾರಿನ ಬಾಬುಸಿಂಗ್ ಠಾಕೂರ್ ಅಂಗಡಿಯಲ್ಲಿ ಪೇಡೆ ಬೇಕಂದರೆ ಬೇಗ ಹೋಗೋದೇ ಒಳ್ಳೆಯದು. ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಮನೆತನ ಅದು. ಖೋವಾವನ್ನ ಕಂದು ಬಣ್ಣಕ್ಕೆ ಬರೋ ತನಕ ಹುರಿದು, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಬಾಯಿಗೆ ಹಾಕಿಕೊಂಡರೆ ಮೊದಲು ಸಕ್ಕರೆ, ಆಮೇಲೆ ಮರಳು ಮರಳಾದ ಖೋವಾ, ಕೊನೆಗೆ ಹಾಲು ಸೀದಂಥ ಒಂದು ಸಣ್ಣ ಕಮರು. ಆ ಕಮರಿಗೇ ನಾನು ಸಾಲಲ್ಲಿ ನಿಲ್ಲೋದು. ಸಾಲು ಬೇಡ ಅನ್ನೋರಿಗೆ ಮಿಶ್ರಾ ಪೇಡೆ ಎರಡೂ ಊರಲ್ಲಿ ಎಲ್ಲಿ ಬೇಕಾದರೂ ಸಿಗುತ್ತೆ. ನಮ್ಮ ಮನೆಯವರಿಗೆ ಅದೇ ಇಷ್ಟ. ಈ ಜಗಳ ಬಗೆಹರಿಯೋದಲ್ಲ, ಎರಡನ್ನೂ ತರುತ್ತೇನೆ.

ಅಲ್ಲಿಂದ ಸುಭಾಸ ರಸ್ತೆ. ಮನೋಹರ ಗ್ರಂಥಮಾಲೆಯ ಅಟ್ಟ ಇರೋದು ಇಲ್ಲೇ. 1933ರಲ್ಲಿ ಶುರುವಾದ ಪ್ರಕಾಶನ. ಬೇಂದ್ರೆ, ಕುರ್ತಕೋಟಿ, ಕಾರ್ನಾಡರು ಹತ್ತಿಳಿದ ಜಾಗ. ಹೊರಗಿಂದ ನೋಡಿದರೆ ಏನೂ ಅನ್ನಿಸಲ್ಲ. ಕನ್ನಡ ಓದುವವರಿಗೆ ಮಾತ್ರ ಇಲ್ಲಿ ಒಂದು ಗಂಟೆ ಹೇಗೆ ಹೋಯಿತು ಅಂತ ಗೊತ್ತಾಗಲ್ಲ. ಪುಸ್ತಕದ ಗೀಳಿಲ್ಲದವರನ್ನ ಜೊತೆಗೆ ಕರ್ಕೊಂಡು ಹೋಗಬೇಡಿ, ಪಾಪ.

ಮಧ್ಯಾಹ್ನಕ್ಕೆ ಖಾನಾವಳಿ. ಇಲ್ಲಿ ನನ್ನ ಮಾತು ಸ್ವಲ್ಪ ಖಾರ. ಹುಬ್ಬಳ್ಳಿಯ ಒಂದು ದೊಡ್ಡ ಎ.ಸಿ. ಹೋಟೆಲಿನಲ್ಲಿ "ಉತ್ತರ ಕರ್ನಾಟಕ ಥಾಲಿ" ಅಂತ ತರಿಸಿದೆ. ರೊಟ್ಟಿ ತಣ್ಣಗೆ, ಎಣ್ಣೆಗಾಯಿಯಲ್ಲಿ ಎಣ್ಣೆ ಇತ್ತು, ಕಾಯಿ ಹುಡುಕಬೇಕಿತ್ತು. ದುಡ್ಡು ಮಾತ್ರ ಖಾನಾವಳಿಯ ದುಪ್ಪಟ್ಟು. ಧಾರವಾಡದ ಬಸಪ್ಪ ಖಾನಾವಳಿಯಂಥ ಕಡೆ ಹೋಗಿ ಕೂತರೆ ಊಟ ಅಂದರೇನು ಅಂತ ತಿಳಿಯುತ್ತೆ. ಬಿಸಿ ರೊಟ್ಟಿ ಬೇಕೋ ಖಡಕ್ ರೊಟ್ಟಿ ಬೇಕೋ ಹೇಳಬೇಕು. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಜೊತೆಗೆ ಹಸಿ ಮೆಂತ್ಯದ ಸೊಪ್ಪು, ಈರುಳ್ಳಿ. ನಾನು ಬಿಸಿ ರೊಟ್ಟಿಯಿಂದ ಶುರು ಮಾಡಿ ಕೊನೆಗೆ ಖಡಕ್ ರೊಟ್ಟಿ ಮುರಿದು ಮೊಸರು, ಶೇಂಗಾ ಚಟ್ನಿ ಜೊತೆ ತಿನ್ನುತ್ತೇನೆ. "ಇನ್ನೊಂದು ಹಾಕ್ಲೇನ್ರಿ ಅಕ್ಕಾರ?" ಅಂತ ಕೇಳೋದು ಉಪಚಾರಕ್ಕಲ್ಲ, ಬೇಡ ಅನ್ನೋಷ್ಟರಲ್ಲಿ ತಟ್ಟೆಗೆ ಬಿದ್ದಿರುತ್ತೆ.

ಊಟ ಕರಗಬೇಕಲ್ಲ, ಹುಬ್ಬಳ್ಳಿಗೆ ವಾಪಸು ಬರೋ ದಾರಿಯಲ್ಲಿ ಉಣಕಲ್ಲಿನಲ್ಲಿ ಇಳಿಯುತ್ತೇನೆ. ಎಲ್ಲರೂ ಹೋಗೋದು ಕೆರೆಗೆ. ಕೆರೆ ಚೆನ್ನಾಗಿದೆ, ಅಷ್ಟೇ. ನನ್ನ ಮಟ್ಟಿಗೆ ನೋಡಬೇಕಾದ್ದು ಊರೊಳಗಿನ ಚಂದ್ರಮೌಳೇಶ್ವರ ಗುಡಿ. ಚಾಲುಕ್ಯರ ಕಾಲದ್ದು. ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಒತ್ತಾಗಿ ಮನೆಗಳು. ನಾನು ಹೋದಾಗಲೆಲ್ಲ ಬಿಸಿಲಲ್ಲಿ ಒಬ್ಬಿಬ್ಬರು ಇದ್ದರೆ ಹೆಚ್ಚು. ಇಂಥ ಗುಡಿ ಬೇರೆ ಊರಲ್ಲಿದ್ದಿದ್ದರೆ ಮುಂದೆ ಎಳನೀರಿನವರ ಸಾಲೇ ಇರುತ್ತಿತ್ತು. ಹುಬ್ಬಳ್ಳಿಯ ಗ್ಲಾಸ್ ಹೌಸ್ ಪಾರ್ಕಿಗೆ ಮಕ್ಕಳಿದ್ದರೆ ಹೋಗಿ, ಇಲ್ಲದಿದ್ದರೆ ಬಿಡಿ.

ಹುಬ್ಬಳ್ಳಿಯ ಬೆಂಗೇರಿಯಲ್ಲಿರೋ ಖಾದಿ ಕೇಂದ್ರದ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. 1957ರಲ್ಲಿ ಹುಟ್ಟಿದ ಸಂಘ ಅದು. ಬಿಐಎಸ್ (ಸರಕಿನ ಗುಣಮಟ್ಟ ನೋಡೋ ಕೇಂದ್ರ ಸಂಸ್ಥೆ) ಗುರುತಿನ ಖಾದಿ ರಾಷ್ಟ್ರಧ್ವಜ ಇಲ್ಲಿ ತಯಾರಾಗುತ್ತೆ. ಕೆಲಸ ಮಾಡೋರಲ್ಲಿ ಹೆಂಗಸರೇ ಜಾಸ್ತಿ. ಬಿಳಿ ಪಟ್ಟಿಯ ಎರಡೂ ಕಡೆ ಅಶೋಕ ಚಕ್ರದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರಬೇಕು. 24 ಗೆರೆ, ಒಂದು ಆಚೀಚೆ ಆದರೂ ಬಾವುಟ ಪಾಸಾಗಲ್ಲ. 2021ರ ಕೊನೆಗೆ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಇವರಿಗೆ ಕಷ್ಟ ಹೆಚ್ಚಾಯಿತು. ಕೆಲಸ ನೋಡಬೇಕಂದರೆ ಮೊದಲೇ ಕೇಳಿ ಹೋಗಿ. ಮನೆಗೊಂದು ಬಾವುಟ ಬೇಕಿದ್ದರೆ ಇಲ್ಲೇ ತಗೊಳ್ಳಿ ಅನ್ನೋದು ನನ್ನ ಒತ್ತಾಯ.

ಸೀರೆಗೆ ಹುಬ್ಬಳ್ಳಿಯ ಬಟ್ಟೆ ಪೇಟೆ, ಜವಳಿ ಸಾಲು. ಇಳಕಲ್ ಸೀರೆ ಕೇಳಿದರೆ ಮೊದಲು ಎದುರಿಗೆ ಬೀಳೋದು ಮಶೀನಿನ ಮಾಲು. ನಾನು ಬಣ್ಣ ಆಮೇಲೆ ನೋಡುತ್ತೇನೆ, ಮೊದಲು ಸೆರಗು ಮತ್ತು ಒಡಲು ಕೂಡುವ ಜಾಗಕ್ಕೆ ಬೆರಳು ಹಾಕುತ್ತೇನೆ. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ನೇಯ್ದಿರುತ್ತಾರೆ. ಅಲ್ಲಿ ಸಣ್ಣದೊಂದು ಏಣು ಕೈಗೆ ಸಿಗುತ್ತೆ. ಹೀಗೆ ಬೆರಳಾಡಿಸಿದ್ದು ಕಂಡು ಒಬ್ಬ ಅಂಗಡಿಯವರು ನಕ್ಕು, "ಗೊತ್ತದ ಅಂದ್ರ ಒಳಗಿಂದ ತೆಗೀತೀನಿ ತಡೀರಿ" ಅಂದರು. ಒಳಗಿಂದ ಬಂದ ಕಟ್ಟು ಬೇರೆಯೇ ಇತ್ತು, ರೇಟೂ ಬೇರೆಯೇ. ಕುಪ್ಪಸಕ್ಕೆ ಗುಳೇದಗುಡ್ಡದ ಖಣವನ್ನೂ ಇಲ್ಲೇ ಹೊಂದಿಸಿಕೊಳ್ಳಬಹುದು.

ಸಂಜೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗಿರ್ಮಿಟ್. ಈರುಳ್ಳಿ, ಹುಣಸೆ, ಬೆಲ್ಲದ ಒಗ್ಗರಣೆ ಗೊಜ್ಜಿಗೆ ಚುರುಮುರಿ ಸುರಿದು, ಪುಟಾಣಿ ಹಿಟ್ಟು ಹಾಕಿ ಕಲಸುತ್ತಾರೆ. ಕಲಸಿದ ತಕ್ಷಣ ತಿನ್ನಿ, ಫೋಟೋ ತೆಗೆಯೋಷ್ಟರಲ್ಲಿ ಮೆತ್ತಗಾಗುತ್ತೆ. ಪಕ್ಕದಲ್ಲಿ ಮಿರ್ಚಿ ಬಜ್ಜಿ ಇರಲೇಬೇಕು.

ಮಾಂಸ ತಿನ್ನೋರಿಗೆ ರಾತ್ರಿ ಸಾವಜಿ ಊಟ ಇದೆ, ಸಾವಜಿ ಸಮುದಾಯದವರ ಖಾರದ ಅಡುಗೆ. "ಖಾರ ಕಡಿಮೆ ಹಾಕಿ" ಅಂತ ಹೇಳೋ ಯೋಚನೆ ಇದ್ದರೆ ಹೋಗಲೇಬೇಡಿ. ಮಾರನೇ ದಿನ ಬೆಳಗ್ಗೆ ಬೇಗ ರೈಲಿದ್ದರಂತೂ ಖಂಡಿತ ಬೇಡ.