ಹೊರಗಿನ ಕಂಪನಿಯ ಶಾಕ್ ಅಬ್ಸಾರ್ಬರ್, ಬುಷ್ ಎಷ್ಟು ಬಾಳುತ್ತವೆ, ಯಾಕೆ ಬೇಗ ಹೋಗುತ್ತವೆ

ಸ್ವಿಫ್ಟ್, ವ್ಯಾಗನ್ ಆರ್, ಐ10 ಥರದ ಗಾಡಿಗೆ ಗೇಬ್ರಿಯಲ್, ಮನ್ರೋ, ಕೆವೈಬಿ ಮುಂತಾದ, ಗಾಡಿ ತಯಾರಿಸಿದವರದ್ದಲ್ಲದ ಒಳ್ಳೆಯ ಕಂಪನಿಯ ಶಾಕ್ ಅಬ್ಸಾರ್ಬರ್ ಹಾಕಿಸಿ, ಹೆಚ್ಚಾಗಿ ಹೆದ್ದಾರಿಯಲ್ಲೇ ಓಡಿಸಿದರೆ 80,000 ಕಿ.ಮೀ. ಬಾಳಿಕೆ ನಿರೀಕ್ಷಿಸಬಹುದು. ದಿನವೂ ಗುಂಡಿ, ಹಂಪು, ಮಣ್ಣುರಸ್ತೆ ಅಂದರೆ 40,000–50,000. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸಲಾಕೆಗೆ ಜೋಡಿಸಿರುವ ಸ್ಟೆಬಿಲೈಸರ್ ಲಿಂಕ್ ರಾಡ್ 20,000–40,000ದೊಳಗೆ ಕಟಕಟ ಅನ್ನುತ್ತದೆ. ಅದು ಅಗ್ಗದ ಪಾರ್ಟ್, ತಲೆ ಕೆಡಿಸಿಕೊಳ್ಳಬೇಡಿ. ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಸೇರಿಸುವ ಕೆಳಗಿನ ತೋಳು) ಬುಷ್, ಅದರ ಚಕ್ರದ ಕಡೆಯ ತುದಿಯಲ್ಲಿರುವ ಬಾಲ್ ಜಾಯಿಂಟ್ ಮಾತ್ರ 50,000 ದಾಟಲೇಬೇಕು. ಹತ್ತು ಸಾವಿರಕ್ಕೇ ಹೋದರೆ ಬ್ರ್ಯಾಂಡನ್ನು ಬೈಯುವ ಮೊದಲು ಫಿಟ್ಟಿಂಗ್ ಹೇಗಾಗಿದೆ ನೋಡಿ. ಬಹಳಷ್ಟು ಸಲ ತಪ್ಪು ಅಲ್ಲೇ ಇರುತ್ತದೆ.

ಬುಷ್‌ನಿಂದಲೇ ಶುರುಮಾಡೋಣ. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಬಳೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರು. ಇದು ಬೇರಿಂಗ್ ಥರ ತಿರುಗುವುದಿಲ್ಲ. ಬೋಲ್ಟ್ ಬಿಗಿದ ಕೂಡಲೇ ಒಳಕೊಳವೆ ಅಲ್ಲಾಡದಂತೆ ಕಚ್ಚಿಕೊಳ್ಳುತ್ತದೆ, ಆರ್ಮ್ ಮೇಲೆ ಕೆಳಗೆ ಆಡಿದಾಗೆಲ್ಲ ರಬ್ಬರು ತಿರುಚಿಕೊಳ್ಳುತ್ತದೆ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಪೂರ್ತಿ ಬಿಗಿದುಬಿಟ್ಟರೆ, ಗಾಡಿ ಕೆಳಗಿಳಿದು ಸುಮ್ಮನೆ ನಿಂತಿದ್ದಾಗಲೂ ರಬ್ಬರು ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಒಂದು ಹಂಪು ಸಿಕ್ಕರೆ ಇನ್ನಷ್ಟು ತಿರುಚು. ಕೆಲವೇ ತಿಂಗಳಲ್ಲಿ ಕೊಳವೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸಿಕೊಂಡು, ಆಮೇಲೆ ರಬ್ಬರು ಕಿತ್ತುಬರುತ್ತದೆ.

ಹಾಗಾಗಿ ಮೇಲೆತ್ತಿದ್ದಾಗ ಬೋಲ್ಟನ್ನು ಕೈಬಿಗಿಯಷ್ಟೇ ಇಡಿಸಿ. ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ, ಬಾನೆಟ್ ಕಡೆ ನಾಲ್ಕೈದು ಸಲ ಒತ್ತಿ ಕೂರಿಸಿ, ಆಮೇಲೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಬೇಕು. ಪಿಟ್ ಇರುವ ಗ್ಯಾರೇಜಿನಲ್ಲಿ ಇದು ಐದು ನಿಮಿಷದ ಕೆಲಸ. ಪಿಟ್ ಇಲ್ಲದಿದ್ದರೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬಾಲ್ ಜಾಯಿಂಟ್ ಹತ್ತಿರ ಆರ್ಮಿನ ಕೆಳಗೆ ಟ್ರಾಲಿ ಜ್ಯಾಕ್ ಕೊಟ್ಟು, ಬಾಡಿ ಇನ್ನೇನು ಸ್ಟ್ಯಾಂಡ್ ಬಿಟ್ಟು ಏಳಬೇಕು ಅನ್ನುವವರೆಗೆ ಎತ್ತಿ ಬಿಗಿಯಬಹುದು. ಆರ್ಮ್ ಬದಲಿಸದೆ ಬುಷ್ ಮಾತ್ರ ಪ್ರೆಸ್‌ನಲ್ಲಿ ಒತ್ತಿ ಕೂರಿಸುವುದಾದರೆ, ಹಚ್ಚಲು ಸೋಪಿನ ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ರಬ್ಬರಿನಲ್ಲಿ ಖಾಲಿ ಜಾಗ ಬಿಟ್ಟಿರುವ ಬುಷ್ ಆದರೆ, ಹಳೆಯದು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಕೂರಬೇಕು. ಬಿಚ್ಚುವ ಮೊದಲೇ ಆರ್ಮ್ ಮೇಲೆ ಗುರುತು ಹಾಕಿಸಿ.

ಶಾಕ್ ಅಬ್ಸಾರ್ಬರ್‌ನ ಆಯಸ್ಸು ಅದರ ಹೊಳೆಯುವ ರಾಡಿನಲ್ಲಿದೆ. ಮೇಲಿನ ನಟ್ ಬಿಗಿಯುವಾಗ ರಾಡ್ ತಿರುಗುತ್ತದೆ ಅಂತ ಪ್ಲೈಯರ್‌ನಲ್ಲಿ ಹಿಡಿದರೆ ಅಲ್ಲೊಂದು ಗೀರು ಬೀಳುತ್ತದೆ. ಪ್ರತಿ ಗುಂಡಿಗೂ ಆ ಗೀರು ಆಯಿಲ್ ಸೀಲಿನ ತುಟಿಯನ್ನು ಉಜ್ಜಿ ಉಜ್ಜಿ ಹರಿಯುತ್ತದೆ, ಎಣ್ಣೆ ಸೋರುತ್ತದೆ. ರಾಡಿನ ತುದಿಯನ್ನು ಅಲೆನ್ ಕೀಯಲ್ಲಿ ಹಿಡಿದು, ರಿಂಗ್ ಸ್ಪ್ಯಾನರ್‌ನಲ್ಲಿ ನಟ್ ಬಿಗಿಯುವುದೇ ಸರಿ. ಇಂಪ್ಯಾಕ್ಟ್ ಗನ್ ಅಲ್ಲಿಗೆ ಬೇಡವೇ ಬೇಡ. ಪೆಟ್ಟಿಗೆಯಲ್ಲಿ ಅಡ್ಡ ಮಲಗಿದ್ದ ಹೊಸ ಶಾಕನ್ನು ನೆಟ್ಟಗೆ ನಿಲ್ಲಿಸಿ, ಪೂರ್ತಿ ಒತ್ತಿ ಪೂರ್ತಿ ಎಳೆದು ನಾಲ್ಕೈದು ಸಲ ಆಡಿಸಿ ಒಳಗಿನ ಗಾಳಿ ತೆಗೆಯಿರಿ. ಆಮೇಲೆ ಮತ್ತೆ ಮಲಗಿಸಬೇಡಿ.

ಹಳೇ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ತುಂಡು), ಹರಿದ ಡಸ್ಟ್ ಕವರ್, ಶಾಕ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಸವೆದ ಮೌಂಟ್ ಹಾಗೇ ಬಿಟ್ಟು ಶಾಕ್ ಮಾತ್ರ ಬದಲಿಸುವುದು ನಷ್ಟದ ಉಳಿತಾಯ. ಕವರ್ ಇಲ್ಲದ ರಾಡಿಗೆ ಮಣ್ಣು ಮೆತ್ತುತ್ತದೆ, ಬಂಪ್ ಸ್ಟಾಪ್ ಇಲ್ಲದ ಶಾಕ್ ದೊಡ್ಡ ಗುಂಡಿಯಲ್ಲಿ ತಳ ಹೊಡೆಯುತ್ತದೆ. ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಸ್ಪ್ರಿಂಗ್ ಬಿಚ್ಚಲು, ಅದನ್ನು ಒತ್ತಿಹಿಡಿಯುವ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಕಡೆ ಈ ಕೆಲಸ ಮಾಡಿಸಲೇಬೇಡಿ. ಒತ್ತಿಹಿಡಿದ ಸ್ಪ್ರಿಂಗ್ ಜಾರಿದರೆ ಜೀವಕ್ಕೇ ಅಪಾಯ.

ಹಂಪು ದಾಟುವಾಗ ಗಾಡಿಯ ತಳ ತಾಗುತ್ತದೆ ಅಂತ ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಿಸುವವರಿದ್ದಾರೆ. ಅಷ್ಟು ಸುರುಳಿ ಕೆಲಸ ಮಾಡದೆ, ಕುಗ್ಗುವ ಕೆಲಸವೆಲ್ಲ ಉಳಿದ ಸುರುಳಿಗಳ ಮೇಲೆ ಬೀಳುತ್ತದೆ, ಮೌಂಟಿಗೂ ಏಟು ಹೆಚ್ಚಾಗುತ್ತದೆ. ಸ್ಪ್ರಿಂಗ್ ಕುಗ್ಗಿದ್ದರೆ ಸ್ಪ್ರಿಂಗನ್ನೇ ಬದಲಿಸಿ.

ಪ್ರತಿ 20,000 ಕಿ.ಮೀ.ಗೆ ಒಮ್ಮೆ ಪರೀಕ್ಷೆ ಇರಲಿ. ಶಾಕ್ ಮೈಮೇಲೆ ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ, ತೊಟ್ಟಿಕ್ಕುವಷ್ಟಿದ್ದರೆ ಅಥವಾ ಮಣ್ಣು ಕೆಸರಾಗಿ ಅಂಟಿದ್ದರೆ ಬದಲಿಸಿ. ಟೈರ್ ಮೇಲೆ ಕೈಯಾಡಿಸಿ: ಅಲ್ಲಲ್ಲಿ ತಗ್ಗು ದಿಬ್ಬ ಸಿಕ್ಕರೆ ಶಾಕ್ ಸೋತಿರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಂಗ್ ಅಂದರೆ ಮೇಲಿನ ಮೌಂಟ್ ನೋಡಿ. ಬಾಲ್ ಜಾಯಿಂಟ್ ಅಲುಗಾಡುತ್ತಿದ್ದರೆ ಮಾತ್ರ ಒಂದು ದಿನವೂ ಮುಂದೂಡಬೇಡಿ, ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಕರಾವಳಿಯಲ್ಲಿ ಓಡುವ ಗಾಡಿಗೆ ಮಳೆಗಾಲ ಮುಗಿದ ಮೇಲೆ ಬಾಲ್ ಜಾಯಿಂಟಿನ ರಬ್ಬರ್ ಬೂಟ್ (ಮುಚ್ಚಳ) ಹರಿದಿದೆಯೇ ನೋಡಿ. ನೀರು ಒಳಹೊಕ್ಕರೆ ಜಾಯಿಂಟ್ ತುಕ್ಕು ಹಿಡಿದು ಬೇಗ ಸವೆಯುತ್ತದೆ.

ಫಿಟ್ಟಿಂಗ್ ಆದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ, 500 ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ನೋಡಿಸಿ. ಬಿಲ್ ಮೇಲೆ ಗಾಡಿ ನಂಬರ್, ಅಂದಿನ ಕಿಲೋಮೀಟರ್ ಬರೆಸಿಟ್ಟುಕೊಳ್ಳಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಅದನ್ನು.