ಎಲೆಯ ಅಚ್ಚು ಕಪ್ಪಾಗುತ್ತಿದ್ದದ್ದು ನೀರಿನಿಂದ

ಬದಿಯಡ್ಕದ ನಮ್ಮ ಮನೆಯಲ್ಲಿ ಕಾಗದದ ಮೇಲೆ ಎಲೆಗಳ ಅಚ್ಚು ತೆಗೆಯಲು ಶುರು ಮಾಡಿ ಮೂರು ವಾರ ಆಗಿತ್ತು. ಬಣ್ಣ ಹಿಡಿಯಲೆಂದು ಪಟಿಕದ ನೀರಲ್ಲಿ ನೆನೆಸಿದ ಕಾಗದ ಪ್ರತಿ ಸಲವೂ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಎಳೆಯ ಸಾಗುವಾನಿ ಎಲೆಯ ಕೆಂಪು ಕಾಣುತ್ತಲೇ ಇರಲಿಲ್ಲ. ಪಟಿಕ ಸಾಲಲಿಲ್ಲ ಅಂದುಕೊಂಡು ಜಾಸ್ತಿ ಹಾಕಿದೆ. ಕಾಗದದ ಮೇಲೆ ಬಿಳಿ ಹರಳು ಕೂತಿತು, ಅಷ್ಟೇ.

ದೊಡ್ಡಮ್ಮ ನೋಡಿ, "ಬೋರಿನ ನೀರಲ್ಲಿ ಚಾ ಮಾಡಿದ್ರೂ ಕಪ್ಪಾಗ್ತದೆ, ಗೊತ್ತಿಲ್ವಾ?" ಅಂದರು. ಆಗ ಹೊಳೆಯಿತು. ನಮ್ಮ ಬಕೆಟ್ಟಿನ ತಳವೆಲ್ಲ ಕೆಂಪು, ನೀರಲ್ಲಿ ಅಷ್ಟು ಕಬ್ಬಿಣ. ಎಲೆಯ ಒಗರಿಗೆ, ಅಂದರೆ ಟ್ಯಾನಿನ್‌ಗೆ, ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ ಅಲ್ವಾ!

ಈ ಸಲ ಮಳೆನೀರು ಹಿಡಿದೆ. ಒಂದು ಲೀಟರ್ ಬಿಸಿನೀರಿಗೆ 15 ಗ್ರಾಂ ಪಟಿಕದ ಪುಡಿ ಹಾಕಿ, ಪೂರ್ತಿ ಕರಗುವ ತನಕ ಕದಡಿದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪನೆಯ ಜಲವರ್ಣದ ಕಾಗದವನ್ನು ಒಂದು ಗಂಟೆ ನೆನೆಸಿ, ತೇವ ಇರುವಾಗಲೇ ಎಲೆ ಇಟ್ಟೆ. ಎರಡು ಟೈಲ್ಸ್ ತುಂಡುಗಳ ನಡುವೆ ಬಿಗಿಯಾಗಿ ಕಟ್ಟಿ, ಹಳೆಯ ಅಲ್ಯೂಮಿನಿಯಂ ಅಟ್ಟಿನಳಗೆಯಲ್ಲಿ, ಅಂದರೆ ಆವಿಯಲ್ಲಿ ಬೇಯಿಸುವ ಪಾತ್ರೆಯಲ್ಲಿ, ಒಂದೂವರೆ ಗಂಟೆ ಬೇಯಿಸಿದೆ. ಆ ಪಾತ್ರೆ ಇನ್ನು ಅಡುಗೆಗೆ ಬೇಡ. ತಣಿದ ಮೇಲೆ ಬಿಡಿಸಿದರೆ, ಒಂದೊಂದು ನರವೂ ಕಾಣುವ ಹಾಗೆ ಸಾಗುವಾನಿಯ ನೇರಳೆಗೆಂಪು. ಪಕ್ಕದಲ್ಲಿ ಪೇರಳೆ ಎಲೆಯ ಹಳದಿ. ತುಂಬಾ ಖುಷಿಯಾಯಿತು.